ಫೋನಿಗೆ ವೈರಸ್ ಬಂದಿದೆ ಎಂದು ಫೋನೇ ಹೇಳುತ್ತಿದೆ, ರೀಸೆಟ್ ಮಾಡಿಸಲೇಬೇಕೇ?

ಅಂಚೆಚೀಲ:

ನಮಸ್ಕಾರ. ನಾನು ವಿದ್ಯಾರಣ್ಯಪುರದ ಕಡೆಯವನು, ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಖಜಾಂಚಿ. ಸರ್ವೀಸಿನಲ್ಲಿ ಇದ್ದಷ್ಟು ಕಾಲ ಅಂಚೆ ಇಲಾಖೆಯ ರೈಲ್ವೆ ವಿಂಗಡಣೆ ವಿಭಾಗವಾದ ಆರ್‌ಎಂಎಸ್‌ನಲ್ಲಿ ಕಾಗದ ವಿಂಗಡಿಸಿದವನು. ಈಗ ಆಸ್ತಿಯ ಇ-ಖಾತಾ, ಜಲಮಂಡಳಿ ಬಿಲ್ಲು, ಪೆನ್ಷನ್‌ದಾರರ ಜೀವನ ಪ್ರಮಾಣಪತ್ರ ಎಂದು ಫೋನಿನಲ್ಲಿ ಆಗಬೇಕಾದ ಕೆಲಸವನ್ನೆಲ್ಲ ಹಿಡಿದುಕೊಂಡು ಅಕ್ಕಪಕ್ಕದವರು ಸಂಜೆ ನಮ್ಮ ಮನೆಗೇ ಬರುತ್ತಾರೆ. ಹಾಗೆ ಬಂದವರ ಫೋನುಗಳಲ್ಲಿ ಒಂದೇ ಬಗೆಯ ಕಾಟ ನೋಡಿ ನೋಡಿ ಸಾಕಾಗಿ ಇಲ್ಲಿ ಕೇಳುತ್ತಿದ್ದೇನೆ.

ಪರದೆಯ ಮೇಲಿನಿಂದ ಸಂದೇಶಗಳು ಇಳಿಯುತ್ತಲೇ ಇರುತ್ತವೆ. ಎಸ್‌ಎಂಎಸ್ ಅಲ್ಲ, ವಾಟ್ಸಾಪೂ ಅಲ್ಲ. ಬರೆದಿಟ್ಟುಕೊಳ್ಳುವುದು ನನ್ನ ಹಳೇ ಚಾಳಿ, ಆದ್ದರಿಂದ ಕೆಲವನ್ನು ಇಲ್ಲಿ ಕೊಡುತ್ತೇನೆ. ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇದ್ದವು, ಒಟ್ಟು ಅರ್ಥ ಇಷ್ಟು:

"ನಿಮ್ಮ ಫೋನಿನಲ್ಲಿ 13 ವೈರಸ್ ಸಿಕ್ಕಿವೆ, ಈಗಲೇ ತೆಗೆಯಿರಿ."

"ಬ್ಯಾಟರಿ ಕೆಡುತ್ತಿದೆ, ಸರಿಪಡಿಸಲು ಇಲ್ಲಿ ಒತ್ತಿ."

"ವಿಳಾಸ ಸರಿಯಿಲ್ಲದೆ ನಿಮ್ಮ ಪಾರ್ಸೆಲ್ ನಿಂತಿದೆ." ಇದನ್ನು ಓದಿದಾಗ ಮಾತ್ರ ನನಗೆ ಮೈ ಉರಿಯಿತು. ವಿಳಾಸ ಸರಿಯಿಲ್ಲದ ಪಾರ್ಸೆಲ್ಲಿನ ಗತಿ ಏನಾಗುತ್ತದೆಂದು ನನಗೇ ಹೇಳಿಕೊಡುವುದೇ?

"ಒಬ್ಬರು ನಿಮಗೆ ವಿಡಿಯೊ ಕಾಲ್ ಮಾಡಿದ್ದರು." ಇದರ ಪಕ್ಕದಲ್ಲಿ ನಾಲ್ಕು ಜನರ ಮುಂದೆ ತೆರೆಯಲಾಗದಂಥ ಚಿತ್ರ.

ಈ ಕೊನೆಯದು ಬರುತ್ತಿದ್ದದ್ದು ನಮ್ಮ ರಸ್ತೆಯ ಒಬ್ಬ ಹಿರಿಯ ಹೆಣ್ಣುಮಗಳ ಫೋನಿಗೆ. ಮಗಳು ಅಳಿಯ ಬಂದ ದಿನ ಅವರು ಫೋನನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟುಬಿಡುತ್ತಿದ್ದರಂತೆ. ಯಾರ ಹತ್ತಿರ ಹೇಳಿಕೊಳ್ಳುವುದು? ಕೊನೆಗೆ ನಮ್ಮ ಮನೆಯವರ ಹತ್ತಿರ ಅತ್ತುಕೊಂಡು ಹೇಳಿದರು. ಒಂದು ಅಂಗಡಿಯಲ್ಲಿ ತೋರಿಸಿದ್ದಕ್ಕೆ, "ವೈರಸ್ ಒಳಗೆ ಇಳಿದುಬಿಟ್ಟಿದೆ, ಪೂರ್ತಿ ರೀಸೆಟ್ ಮಾಡಬೇಕು, ಮೇಲೆ ಒಂದು ವರ್ಷದ ಆಂಟಿವೈರಸ್ ಹಾಕಿಸಿ" ಎಂದಿದ್ದಾರೆ. ತೀರಿಕೊಂಡ ಯಜಮಾನರ ಫೋಟೊ, ಅವರ ಧ್ವನಿ ಎಲ್ಲ ಅದೇ ಫೋನಿನಲ್ಲಿದೆ, ರೀಸೆಟ್ ಬೇಡವೇ ಬೇಡ ಎಂದು ಕೂತಿದ್ದಾರೆ.

ಈಗ ನನ್ನ ಪ್ರಶ್ನೆ. ಇದು ನಿಜವಾಗಿ ವೈರಸ್ಸೇ? ಇವರಲ್ಲಿ ಯಾರೂ ಹೊಸ ಆಪ್ ಹಾಕಿಕೊಂಡಿಲ್ಲ, ನಾನೇ ಒಂದೊಂದಾಗಿ ನೋಡಿದೆ. ಹಲವರು ಮಾತ್ರ ಗೂಗಲ್‌ನಲ್ಲಿ ಖಾತಾ ಹುಡುಕುವಾಗ "ಯಾವುದೋ ಪೇಜು ರೋಬಾಟ್ ಅಲ್ಲ ಎಂದು ಒತ್ತಿ ಅಂದಿತು" ಎನ್ನುತ್ತಾರೆ. ಆ ಹೆಣ್ಣುಮಗಳ ಫೋನಿನಲ್ಲೇ ಬ್ಯಾಂಕಿನ ಆಪ್ ಇದೆ, ಪೆನ್ಷನ್ ಅಲ್ಲಿಗೇ ಬೀಳುವುದು. ಭಯಪಡಬೇಕೇ?

ಗಾಂಚಾಲಿಗುರು:

ಅಂಕಲ್, ಕ್ರೋಮ್ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕ್ಕೊಳಿ, ಮುಗೀತು. ಮತ್ತೆ ವಯಸ್ಸಾದವ್ರಿಗೆ ಬಟನ್ ಫೋನೇ ವಾಸಿ, ಸುಮ್ನೆ ತಲೆನೋವು.

ಸ್ಕ್ರೂಡ್ರೈವರ್ ಮಂಜ:

ಗುರೂ, ಸುಮಾರು ಆಂಡ್ರಾಯ್ಡ್ ಫೋನಲ್ಲಿ ಕ್ರೋಮ್ ಫೋನ್ ಜೊತೇಲೇ ಬಂದಿರುತ್ತೆ, ಅನ್‌ಇನ್‌ಸ್ಟಾಲ್ ಬಟನ್ನೇ ಇರಲ್ಲ, ಡಿಸೇಬಲ್ ಮಾಡಬಹುದು ಅಷ್ಟೇ. ವಯಸ್ಸಿನ ಮಾತು ಬಿಡು. ವಿಜಯನಗರದಲ್ಲಿ ನನ್ನ ಅಂಗಡಿ ಇದೆ, ಇದೇ ಕಂಪ್ಲೇಂಟ್ ತಗೊಂಡು ಬರೋರಲ್ಲಿ ಕಾಲೇಜು ಹುಡುಗ್ರೇ ಜಾಸ್ತಿ. ಬಿಟ್ಟಿ ಕ್ರಿಕೆಟ್ ನೋಡೋಕೆ ಹೋಗಿ ತಗಲಾಕ್ಕೊಂಡಿರ್ತಾರೆ. ಅವ್ರಿಗೂ ಬಟನ್ ಫೋನ್ ಕೊಡ್ಸೋಣ್ವಾ?

ಸರ್, ನೀವು ಗಾಬರಿ ಆಗ್ಬೇಡಿ. ಇದು ವೈರಸ್ ಅಲ್ಲ, ರೀಸೆಟ್ ಬೇಡವೇ ಬೇಡ. ಆ ಅಮ್ಮನ ಫೋಟೊ ಒಂದೂ ಹೋಗಲ್ಲ.

ಮೊದಲು ಮಾಡ್ಬೇಕಾದ್ದು ಇದು. ಆ ಸಂದೇಶ ಮತ್ತೆ ಬಂದಾಗ ಅದನ್ನ ಮುಟ್ಟಿ ತೆಗೀಬೇಡಿ, ಬೆರಳು ಇಟ್ಟು ಒತ್ತಿ ಹಿಡೀರಿ. ಯಾವ ಆಪ್‌ನಿಂದ ಬಂತು ಅಂತ ಹೆಸರು ತೋರ್ಸುತ್ತೆ. ಅಲ್ಲಿ ಕ್ರೋಮ್ ಅಂತಿದ್ರೆ ಅದು ಯಾವುದೋ ವೆಬ್‌ಸೈಟ್ ಕಳಿಸ್ತಿರೋದು. ಬೇರೆ ಯಾವುದಾದ್ರೂ ಕ್ಲೀನರ್ರು, ಬೂಸ್ಟರ್ರು, ಟಾರ್ಚು ಅಂತ ಹೆಸರಿದ್ರೆ ಆ ಆಪೇ ಕಳ್ಳ, ಅದನ್ನ ಕಿತ್ತಾಕಿ. ನಿಮ್ಮ ಕಥೆ ಕೇಳಿದ್ರೆ ಇದು ಮೊದಲನೇ ಜಾತಿ.

ಆಮೇಲೆ ಕ್ರೋಮ್ ತೆಗ್ದು ಮೂಲೇಲಿರೋ ಮೂರು ಚುಕ್ಕೆ, ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್. ಫೋನ್ ಕನ್ನಡದಲ್ಲಿದ್ರೆ ಅಧಿಸೂಚನೆಗಳು ಅಂತಿರುತ್ತೆ. ಅಲ್ಲಿ ಅನುಮತಿ ಸಿಕ್ಕಿರೋ ಸೈಟ್‌ಗಳ ಪಟ್ಟಿ ಬರುತ್ತೆ. ಓದೋಕೇ ಬರದ ಅಕ್ಷರ ಗುಡ್ಡೆ ಹಾಕಿರೋ ಹೆಸರು, ಕೊನೇಲಿ ಡಾಟ್ ಎಕ್ಸ್‌ವೈಝಡ್, ಡಾಟ್ ಟಾಪ್ ಅಂತ ಬಾಲ ಇರೋವು ಸಾಲಾಗಿ ಕೂತಿರ್ತವೆ. ಒಂದೊಂದನ್ನೂ ಒತ್ತಿ ಬ್ಲಾಕ್ ಮಾಡಿ. ಕೊನೇಗೆ ಮೇಲಿರೋ ದೊಡ್ಡ ಸ್ವಿಚ್ಚನ್ನೇ ಆಫ್ ಮಾಡ್ಬಿಡಿ, ಆಗ ಯಾವ ಸೈಟೂ ಇನ್ಮೇಲೆ ಕೇಳೋದೇ ಇಲ್ಲ. ನಮ್ಮಮ್ಮನ ಫೋನಲ್ಲಿ ಹಾಗೇ ಇಟ್ಟಿದೀನಿ, ಅವ್ರಿಗೆ ಇವತ್ತಿನವರೆಗೆ ಯಾವುದೂ ಕಮ್ಮಿ ಆಗಿಲ್ಲ.

ಇನ್ನೊಂದು. ಬ್ರೌಸರ್ ಅಂದ್ರೆ ಬರೀ ಕ್ರೋಮ್ ಅಲ್ಲ. ಸ್ಯಾಮ್‌ಸಂಗ್‌ನಲ್ಲಿ ಅವರದೇ ಸ್ಯಾಮ್‌ಸಂಗ್ ಇಂಟರ್ನೆಟ್ ಇರುತ್ತೆ, ಬೇರೆ ಕಂಪನಿ ಫೋನ್‌ಗಳಲ್ಲೂ ಅವರವರದ್ದು ಒಂದೊಂದು ಇರುತ್ತೆ. ಎಷ್ಟು ಬ್ರೌಸರ್ ಇದೆಯೋ ಅಷ್ಟು ಪಟ್ಟಿ.

ರೀಸೆಟ್ ಬಗ್ಗೆ ನಮ್ಮ ಲೈನಿನವರ ಮೇಲೇ ಮಾತಾಡ್ಬೇಕಾಗುತ್ತೆ. ರೀಸೆಟ್ ಮಾಡಿದ್ರೆ ಕಾಟ ನಿಲ್ಲುತ್ತೆ, ಯಾಕಂದ್ರೆ ಆ ಅನುಮತಿಯೂ ಜೊತೇಲಿ ಅಳಿಸಿ ಹೋಗುತ್ತೆ. ಗಿರಾಕಿಗೆ ರೋಗ ವಾಸಿಯಾಯ್ತು ಅನ್ಸುತ್ತೆ, ದುಡ್ಡು ಕೊಡ್ತಾನೆ. ಗೊತ್ತಿದ್ದೇ ಮಾಡೋರೂ ಇದಾರೆ, ಗೊತ್ತಿಲ್ದೆ ಮಾಡೋರೂ ಇದಾರೆ. ನಾನು ಇದಕ್ಕೆ ಕಾಸು ತಗೊಳಲ್ಲ, ಟೆಂಪರ್ಡ್ ಗ್ಲಾಸ್ ಹಾಕಿಸ್ಕೊಂಡು ಹೋಗಿ ಅಂತೀನಿ.

ಬ್ಯಾಂಕ್ ಆಪ್ ವಿಷಯಕ್ಕೆ ಆಮೇಲೆ ಬರ್ತೀನಿ, ಅಂಗಡೀಲಿ ಜನ ಇದಾರೆ.

ಸಿಲ್ಕ್‌ಬೋರ್ಡ್ ಸಂತ್ರಸ್ತೆ:

ಮಂಜಣ್ಣ ಹೇಳಿದ್ದು ಅಷ್ಟೂ ಸರಿ. ನಾನು ವೆಬ್ ಡೆವಲಪರ್, ಈ ನೋಟಿಫಿಕೇಶನ್ ಕೋಡ್ ಬರೆದೇ ಸಂಬಳ ತಗೊಂಡವಳು. ಒಳಗಡೆ ಏನಾಗುತ್ತೆ ಅಂತ ಹೇಳ್ತೀನಿ, ಯಾಕಂದ್ರೆ ಅದು ಗೊತ್ತಾದರೆ ಅರ್ಧ ಭಯ ಹೋಗುತ್ತೆ.

ಸೈಟ್‌ಗಳು ಫೋನಿಗೆ ನೋಟಿಫಿಕೇಶನ್ ಕಳಿಸೋ ಈ ಸೌಲಭ್ಯ ಕ್ರೋಮ್‌ಗೆ ಬಂದಿದ್ದು 2015ರಲ್ಲಿ, ಮೊಜಿಲ್ಲಾದವರ ಫೈರ್‌ಫಾಕ್ಸ್ ಬ್ರೌಸರ್‌ಗೆ 2016ರಲ್ಲಿ. ಉದ್ದೇಶ ಒಳ್ಳೆಯದೇ ಇತ್ತು. ಸೈಟ್ ತೆರೆದಿಲ್ಲದಿದ್ದರೂ ಮೇಲ್ ಬಂತು, ಸ್ಕೋರ್ ಬದಲಾಯ್ತು ಅಂತ ತಿಳಿಸೋಕೆ. ನೋಟಿಫಿಕೇಶನ್ ಕಳಿಸಲಾ ಅಂತ ಸೈಟ್ ಕೇಳಿದಾಗ ನೀವು ಅಲೋ (ಅನುಮತಿಸಿ) ಒತ್ತಿದ ಕೂಡಲೇ ಬ್ರೌಸರ್ ಆ ಸೈಟ್‌ಗೆ ನಿಮ್ಮ ಫೋನಿಗೆ ತಲುಪೋ ಒಂದು ಗುಟ್ಟಿನ ವಿಳಾಸ ಕೊಡುತ್ತೆ. ಸೈಟ್ ಆ ವಿಳಾಸ ಬರೆದು ಸಂದೇಶ ಕಳಿಸಿದರೆ ಅದು ನೇರ ನಿಮ್ಮ ಹತ್ತಿರ ಬರಲ್ಲ. ಕ್ರೋಮ್ ಆದರೆ ಗೂಗಲ್‌ನ ಸರ್ವರ್‌ಗೆ, ಫೈರ್‌ಫಾಕ್ಸ್ ಆದರೆ ಮೊಜಿಲ್ಲಾದ ಸರ್ವರ್‌ಗೆ ಹೋಗಿ ಅಲ್ಲಿಂದ ನಿಮಗೆ ಬರುತ್ತೆ. ಅದಕ್ಕೇ ಕ್ರೋಮ್ ಮುಚ್ಚಿದ್ರೂ ಬರ್ತಾ ಇರೋದು. ಫೋನಿನಲ್ಲಿ ಯಾವ ಆಪೂ ಕೂತಿಲ್ಲ, ಆದ್ದರಿಂದ ಆಪ್‌ಗಳನ್ನ ಹುಡುಕಿದ್ರೆ ನಿಮಗೆ ಏನೂ ಸಿಗಲ್ಲ.

ಈ ಅನುಮತಿಯಿಂದ ಸೈಟ್‌ಗೆ ಸಿಗೋದು ನಿಮ್ಮ ಪರದೆ ಮೇಲೆ ಒಂದು ಚೀಟಿ ಅಂಟಿಸೋ ಹಕ್ಕು, ಅಷ್ಟು ಮಾತ್ರ. ಫೋಟೊ, ಕಾಂಟ್ಯಾಕ್ಟ್, ಎಸ್‌ಎಂಎಸ್, ಓಟಿಪಿ ಯಾವುದೂ ಇದರಿಂದ ಸಿಗಲ್ಲ. ಅನುಮತಿ ತೆಗೆದ ಕ್ಷಣ ಆ ವಿಳಾಸ ರದ್ದು, ಆಮೇಲೆ ಅವರು ಎಷ್ಟು ಕಳಿಸಿದರೂ ತಲುಪಲ್ಲ.

ಮೋಸ ಎಲ್ಲಿದೆ ಅಂದರೆ ಅನುಮತಿ ಗಿಟ್ಟಿಸೋದರಲ್ಲಿ. "ಈ ಸೈಟ್ ನಿಮಗೆ ನೋಟಿಫಿಕೇಶನ್ ಕಳಿಸಲು ಬಯಸಿದೆ" ಅಂತ ಬರೋ ಪುಟ್ಟ ಪೆಟ್ಟಿಗೆ ಬ್ರೌಸರ್‌ನದ್ದು, ಅದರ ಒಂದಕ್ಷರವನ್ನೂ ಸೈಟ್ ಬದಲಾಯಿಸೋಕೆ ಆಗಲ್ಲ. ಹಾಗಾಗಿ ಕಳ್ಳರು ಅದರ ಸುತ್ತ ಬಣ್ಣ ಬಳಿತಾರೆ: "ನೀವು ರೋಬಾಟ್ ಅಲ್ಲ ಎಂದು ಸಾಬೀತು ಮಾಡಲು ಅಲೋ ಒತ್ತಿ", "ವಿಡಿಯೊ ಶುರುವಾಗಲು ಅಲೋ ಒತ್ತಿ", "18 ವರ್ಷ ತುಂಬಿದ್ದರೆ ಅಲೋ ಒತ್ತಿ", ಜೊತೆಗೆ ಆ ಪೆಟ್ಟಿಗೆ ಕಡೆ ಕುಣಿಯೋ ಬಾಣದ ಗುರುತು. ನಿಜವಾದ ರೋಬಾಟ್ ಪರೀಕ್ಷೆ ಪುಟದ ಒಳಗೇ ಮುಗಿಯುತ್ತೆ, ಬಸ್ಸಿರೋ ಚಿತ್ರ ಆರಿಸಿ ಅಂತನೋ, ಚೌಕದಲ್ಲಿ ಟಿಕ್ ಹಾಕಿ ಅಂತನೋ. ಅದಕ್ಕೆ ನೋಟಿಫಿಕೇಶನ್ ಅನುಮತಿ ಯಾವತ್ತೂ ಬೇಕಾಗಲ್ಲ.

ಬೇಡ ಅಂತ ಬ್ಲಾಕ್ ಒತ್ತಿದವರನ್ನೂ ಬಿಡಲ್ಲ ಇವರು. ಅನುಮತಿ ಅನ್ನೋದು ಸೈಟ್‌ನ ಪೂರ್ತಿ ಹೆಸರಿಗೆ ಅಂಟಿರುತ್ತೆ, ಹೆಸರಿನ ಮುಂದೆ ಒಂದು ಅಂಕಿ ಸೇರಿಸಿದರೂ ಬ್ರೌಸರ್ ಲೆಕ್ಕಕ್ಕೆ ಅದು ಬೇರೆ ಸೈಟ್. ಹಾಗಾಗಿ ಬ್ಲಾಕ್ ಒತ್ತಿದ ತಕ್ಷಣ ಅಂಥ ಇನ್ನೊಂದಕ್ಕೆ ತಳ್ಳಿ ಮತ್ತೆ ಕೇಳ್ತಾರೆ, ಆಮೇಲೆ ಮಗದೊಂದು. ಬೇಸತ್ತು ಜನ ಅಲೋ ಒತ್ತಿಬಿಡ್ತಾರೆ. ಕೆಲವು ಬ್ರೌಸರ್‌ಗಳಲ್ಲಿ ಸೈಟ್ ವಿಳಾಸದ ಪಕ್ಕ ಕಾಣೋ ಬೀಗದ ಗುರುತು ನೋಡಿ ನಂಬಬೇಡಿ. ಅದು ಹೇಳೋದು ಎಚ್‌ಟಿಟಿಪಿಎಸ್ (ನಡುವೆ ಯಾರೂ ಓದಲಾಗದ ಸಂಪರ್ಕ) ಇದೆ ಅಂತ ಅಷ್ಟೇ; ಅದಿಲ್ಲದಿದ್ದರೆ ಈ ಸೌಲಭ್ಯ ಕೆಲಸವೇ ಮಾಡಲ್ಲ, ಆದ್ದರಿಂದ ಈ ಕಳ್ಳರೆಲ್ಲರ ಹತ್ತಿರವೂ ಬೀಗ ಇದ್ದೇ ಇರುತ್ತೆ.

ದುಡ್ಡು ಎಲ್ಲಿಂದ ಅಂತ ಕೇಳಬಹುದು. ಹೀಗೆ ಗುಡ್ಡೆ ಹಾಕಿದ ವಿಳಾಸಗಳನ್ನ ಜಾಹೀರಾತಿನವರಿಗೆ ಬಾಡಿಗೆಗೆ ಬಿಡ್ತಾರೆ, ಪ್ರತಿ ಒತ್ತಿಗೆ ಇಷ್ಟು ಅಂತ. "ವೈರಸ್ ಇದೆ" ಅನ್ನೋ ಚೀಟಿ ಒತ್ತಿದ ಮೇಲೆ ನೀವು ನಿಜವಾದ ಆಂಟಿವೈರಸ್ ಕೊಂಡರೂ ಇವರಿಗೆ ಕಮಿಷನ್ ಬರೋ ವ್ಯವಸ್ಥೆ ಇದೆ. ಚೀಟಿಯ ತಲೆಬರಹ, ಲೋಗೊ, ಚಿತ್ರ ಎಲ್ಲ ಅವರಿಷ್ಟ, ಯಾವ ಕಂಪನಿಯ ಮುಖವಾಡ ಬೇಕಾದರೂ ಹಾಕಬಹುದು. ಸಣ್ಣಕ್ಷರದಲ್ಲಿ ಕಾಣೋ ಸೈಟ್‌ನ ಹೆಸರು ಮಾತ್ರ ಬ್ರೌಸರೇ ಹಾಕೋದು, ಅದನ್ನ ತಿದ್ದೋಕೆ ಆಗಲ್ಲ. ಓದಬೇಕಾದ್ದು ಆ ಒಂದು ಸಾಲು.

ನಮ್ಮ ಕಸುಬಿನವರನ್ನೂ ಬೈಬೇಕು. ಯಾವುದೋ ಸಾರಿನ ಪಾಕವಿಧಾನ ಓದೋಕೆ ಹೋದರೂ ಬಾಗಿಲಲ್ಲೇ ನಿಲ್ಲಿಸಿ ನೋಟಿಫಿಕೇಶನ್ ಬೇಕಾ ಅಂತ ಕೇಳಿ ಕೇಳಿ, ಓದದೆ ಒತ್ತೋ ಅಭ್ಯಾಸ ಮಾಡಿಸಿದ್ದು ಮರ್ಯಾದಸ್ಥ ಸೈಟ್‌ಗಳೇ. ಮೊಜಿಲ್ಲಾ 2019ರಲ್ಲಿ ಲೆಕ್ಕ ಹಾಕಿದಾಗ ಇಂಥ ಕೋರಿಕೆಗಳಲ್ಲಿ ನೂರಕ್ಕೆ 99ರಷ್ಟನ್ನ ಜನ ಒಪ್ಪಿರಲಿಲ್ಲ. 2020ರ ಜನವರಿಯಲ್ಲಿ ಫೈರ್‌ಫಾಕ್ಸ್ 72 ಬಂದಾಗಿನಿಂದ ಆ ಪೆಟ್ಟಿಗೆ ತಾನಾಗಿ ಮೇಲೆ ಬೀಳಲ್ಲ. ಕ್ರೋಮ್ ಕೂಡ ಅದೇ ವರ್ಷ ಕುಖ್ಯಾತ ಸೈಟ್‌ಗಳ ಕೋರಿಕೆಯನ್ನ ಮೂಲೆಗೆ ತಳ್ಳೋಕೆ ಶುರು ಮಾಡಿತು. 2025ರ ಅಕ್ಟೋಬರ್‌ನಲ್ಲಿ ಗೂಗಲ್ ಹೇಳಿದ ಪ್ರಕಾರ ಒಟ್ಟು ನೋಟಿಫಿಕೇಶನ್‌ಗಳಲ್ಲಿ ನೂರಕ್ಕೆ ಒಂದನ್ನೂ ಜನ ಮುಟ್ಟಲ್ಲ. ಬಹಳ ದಿನ ನೀವು ತಿರುಗಿ ನೋಡದ ಸೈಟ್‌ಗಳ ಅನುಮತಿಯನ್ನ ಕ್ರೋಮ್ ತಾನೇ ಕಿತ್ತುಹಾಕುತ್ತೆ ಅಂತ ಆಗಲೇ ಪ್ರಕಟಿಸಿದರು. ಒಳ್ಳೆಯದೇ, ಆದರೆ ಹತ್ತು ವರ್ಷ ತಡ.

ಅಂಚೆಚೀಲ:

ಇಬ್ಬರಿಗೂ ಧನ್ಯವಾದ. ನಿನ್ನೆ ಸಂಜೆ ಕಾಫಿ ಮುಗಿಸಿ ಕೆಲವು ಫೋನು ಸಾಲಾಗಿ ಇಟ್ಟುಕೊಂಡು ಕೂತೆ.

ಸಿಲ್ಕ್‌ಬೋರ್ಡ್ ತಾಯಿ ಹೇಳಿದ್ದು ಓದಿದ ಮೇಲೆ ನನಗೆ ಇದು ಪೂರ್ತಿ ಆರ್‌ಎಂಎಸ್ ವ್ಯವಹಾರವಾಗಿಯೇ ಕಂಡಿತು. ಕಳಿಸುವವನು ಎಲ್ಲೋ, ವಿಂಗಡಣೆ ನಡುವೆ ಎಲ್ಲೋ, ಬಟವಾಡೆ ನಮ್ಮ ಬಾಗಿಲಿಗೆ. ವಿಂಗಡಿಸುವವನು ಲಕೋಟೆ ಒಡೆದು ಓದುವುದಿಲ್ಲ, ವಿಳಾಸ ಸರಿ ಇದ್ದರೆ ಚೀಲಕ್ಕೆ ಹಾಕುತ್ತಾನೆ. ನಾವೂ ಹಾಗೆಯೇ ಎಷ್ಟು ಲಾಟರಿ ಕಾಗದಗಳನ್ನು ಊರೂರಿಗೆ ಸಾಗಿಸಿದೆವೋ!

ಆ ಹೆಣ್ಣುಮಗಳ ಫೋನಿನಲ್ಲಿ ಒಂದೇ ಹೆಸರಿನ ಮುಂದೆ ಬೇರೆ ಬೇರೆ ಅಂಕಿ ಹಚ್ಚಿದ ಸೈಟುಗಳ ಉದ್ದ ಸಾಲೇ ಇತ್ತು. ಹೇಳಿದ ಹಾಗೆಯೇ. ಎಲ್ಲ ತೆಗೆದು ಮೇಲಿನ ಸ್ವಿಚ್ಚನ್ನೂ ಆರಿಸಿದೆ. ಬೆಳಿಗ್ಗೆವರೆಗೆ ಒಂದೂ ಬಂದಿಲ್ಲವಂತೆ. ಅದೇ ಸಾಲಿನ ಹೆಸರುಗಳು ಪಕ್ಕದ ರಸ್ತೆಯವರ ಫೋನಿನಲ್ಲೂ ಇದ್ದವು. ಇಬ್ಬರೂ ಹುಡುಕಿದ್ದು ಇ-ಖಾತಾ. 2024ರ ಅಕ್ಟೋಬರ್‌ನಲ್ಲಿ ಕರಡು ಖಾತಾಗಳನ್ನು ಆನ್‌ಲೈನಿನಲ್ಲಿ ಬಿಟ್ಟಾಗಿನಿಂದ ನಮ್ಮಲ್ಲಿ ಎಲ್ಲರೂ ಗೂಗಲ್‌ನಲ್ಲಿ ಖಾತಾ ಎಂದು ಹೊಡೆದು ಮೊದಲು ಕಂಡದ್ದನ್ನು ತೆರೆಯುವವರೇ. ಕೊನೆಯಲ್ಲಿ ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್ ಇದೆಯೇ ನೋಡಿ ಎಂದು ಇನ್ನು ಮೇಲೆ ಹೇಳುತ್ತೇನೆ.

ಗಾಂಚಾಲಿಗುರುಗಳೇ, ಬಟನ್ ಫೋನಿನ ಸಲಹೆಯನ್ನು ಸಂಘದ ಸಭೆಯಲ್ಲಿ ಮಂಡಿಸಿದರೆ ನನ್ನ ಖಜಾಂಚಿ ಹುದ್ದೆ ಹೋಗುತ್ತದೆ. ವಿದೇಶದಲ್ಲಿರುವ ಮೊಮ್ಮಕ್ಕಳ ಮುಖ ಅವರು ನೋಡುವುದು ಇದೇ ಫೋನಿನಲ್ಲಿ.

ಉಳಿದ ಸಂದೇಹಗಳು. ಒಬ್ಬರು "ಫೋನ್ ಸ್ವಚ್ಛ ಮಾಡಿ" ಎಂಬ ಸಂದೇಶ ಒತ್ತಿ ಯಾವುದೋ ಫೈಲು ಇಳಿಸಿಕೊಂಡಿದ್ದಾರೆ, ಅವರದ್ದು ಹೇಗೆ? ಇನ್ನೊಬ್ಬರ ಲ್ಯಾಪ್‌ಟಾಪಿನಲ್ಲಿ ಬಲಗಡೆ ಕೆಳಮೂಲೆಯಲ್ಲಿ ಇದೇ ಕಾಟ. ಮತ್ತೊಬ್ಬರ ಮಗನದ್ದು ಐಫೋನು, ಅದರಲ್ಲೂ "ವೈರಸ್" ಬರುತ್ತಿದೆ. ಐಫೋನಿಗೆ ಬರುವುದಿಲ್ಲ ಎಂದು ಆ ಹುಡುಗ ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದ.

ಬೈಟು ಕಾಫಿ:

ಐಫೋನಿನದ್ದು ಬಹುಶಃ ಬೇರೆ ದಾರಿ. ಐಫೋನಿಗೆ ವೆಬ್ ನೋಟಿಫಿಕೇಶನ್ ಬಂದಿದ್ದೇ 2023ರ ಮಾರ್ಚ್‌ನಲ್ಲಿ, ಐಒಎಸ್ 16.4ರ ಜೊತೆ. ಅದೂ ಸೈಟನ್ನ ಹೋಮ್ ಸ್ಕ್ರೀನಿಗೆ ಸೇರಿಸಿಕೊಂಡರೆ ಮಾತ್ರ. ಹಾಗಾಗಿ ಅಲ್ಲಿ ಕಳ್ಳರು ಕ್ಯಾಲೆಂಡರ್ ಹಿಡಿದಿದ್ದಾರೆ. ಯಾವುದೋ ಪುಟದಲ್ಲಿ ಓಕೆ ಒತ್ತಿದರೆ ಅವರ ಕ್ಯಾಲೆಂಡರ್‌ಗೆ ಚಂದಾದಾರ ಆಗಿಬಿಡ್ತೀವಿ, ಆಮೇಲೆ ದಿನಾ "ನಿಮ್ಮ ಫೋನಿಗೆ ವೈರಸ್" ಅಂತ ಒಂದೊಂದು ಕಾರ್ಯಕ್ರಮ ನೆನಪಿಸುತ್ತೆ. ಕ್ಯಾಲೆಂಡರ್ ಆಪ್ ತೆಗೆದು ಕ್ಯಾಲೆಂಡರ್‌ಗಳ ಪಟ್ಟಿಯಲ್ಲಿ ಗುರುತಿಲ್ಲದ ಹೆಸರಿನ ಪಕ್ಕದ ಐ (i) ಗುರುತು ಒತ್ತಿ ಅನ್‌ಸಬ್‌ಸ್ಕ್ರೈಬ್ ಮಾಡಲಿ. ನನ್ನ ತಂಗಿಗೂ ಹೀಗೇ ಆಗಿತ್ತು.

ಸಿಲ್ಕ್‌ಬೋರ್ಡ್ ಸಂತ್ರಸ್ತೆ:

ಲ್ಯಾಪ್‌ಟಾಪಿನಲ್ಲಿ ಅಪಾಯ ಒಂದು ಗುಲಗಂಜಿ ಹೆಚ್ಚು. ವಿಂಡೋಸ್‌ನ ಸ್ವಂತ ಎಚ್ಚರಿಕೆಗಳೂ ಅದೇ ಮೂಲೆಯಲ್ಲಿ ಬರೋದರಿಂದ ಕಂಪ್ಯೂಟರೇ ಹೇಳ್ತಿದೆ ಅನ್ನಿಸುತ್ತೆ. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಅಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್. ಮೈಕ್ರೋಸಾಫ್ಟ್‌ನ ಎಜ್ ಬ್ರೌಸರ್‌ನಲ್ಲೂ ಇಂಥದ್ದೇ ಪಟ್ಟಿ ಇದೆ, ಎರಡನ್ನೂ ನೋಡಿ. ಕೊನೆಗೆ ಒಂದು ಫೋನ್ ನಂಬರ್ ತೋರಿಸಿ "ಮೈಕ್ರೋಸಾಫ್ಟ್‌ಗೆ ಕರೆ ಮಾಡಿ" ಅಂದರೆ ಮಾಡಲೇಬಾರದು. ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರೋದೇ ಇಲ್ಲ ಅಂತ ಆ ಕಂಪನಿಯೇ ಹೇಳುತ್ತೆ.

ಸ್ಕ್ರೂಡ್ರೈವರ್ ಮಂಜ:

ಸರ್, ಫೈಲ್ ಇಳಿಸಿದಾರಲ್ಲ, ಅವ್ರದ್ದು ಬೇರೆ ಕೇಸು. ಇಷ್ಟೊತ್ತು ಮಾತಾಡಿದ್ದು ಬರೀ ಚೀಟಿ ಬಗ್ಗೆ, ಚೀಟಿ ನೋಡಿದ್ರೆ ಏನೂ ಆಗಲ್ಲ. ಒತ್ತಿ, ಆಮೇಲೆ ಏನ್ ಮಾಡಿದ್ರು ಅನ್ನೋದೇ ಮುಖ್ಯ.

ಮೊದಲು ಡೇಟಾ, ವೈಫೈ ಎರಡೂ ಆಫ್. ಫೈಲ್ಸ್‌ನಲ್ಲಿ ಡೌನ್‌ಲೋಡ್ಸ್ ತೆಗೆದು ನೋಡಿ, ಎಪಿಕೆ ಅಂತ ಕೊನೆಯಾಗೋ ಫೈಲ್, ಅಂದ್ರೆ ಆಪ್ ಹಾಕೋ ಫೈಲ್, ಇದ್ರೆ ಅಳಿಸಿ. ಬರೀ ಇಳಿಸಿ ಬಿಟ್ಟಿದ್ರೆ ಅಲ್ಲಿಗೆ ಮುಗೀತು. ಇನ್‌ಸ್ಟಾಲ್ ಮಾಡಿದ್ರೆ ಸೆಟ್ಟಿಂಗ್ಸ್‌ನ ಆಪ್ ಪಟ್ಟೀಲಿ ನೋಡಿ, ಹೆಸರೇ ಇಲ್ಲದ ಐಕಾನ್ ಇರ್ಬಹುದು. ತೆಗೆಯೋಕೆ ಬಿಡ್ಲಿಲ್ಲ ಅಂದ್ರೆ ಅದು ಡಿವೈಸ್ ಅಡ್ಮಿನ್ (ಫೋನಿನ ಮೇಲೆ ವಿಶೇಷ ಅಧಿಕಾರ ಇರೋ ಆಪ್) ಆಗಿ ಕೂತಿರುತ್ತೆ, ಸೆಟ್ಟಿಂಗ್ಸ್‌ನಲ್ಲಿ ಆ ಅಧಿಕಾರ ಮೊದಲು ಆಫ್ ಮಾಡಿ. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ಒಳಗೂ ನೋಡಿ, ಗೊತ್ತಿಲ್ಲದ ಆಪ್‌ಗೆ ಅಲ್ಲಿ ಅನುಮತಿ ಇದ್ರೆ ಅದು ಪರದೆ ಓದುತ್ತೆ, ತಾನೇ ಬಟನ್ ಒತ್ತುತ್ತೆ. ನಿಜವಾದ ಭಯ ಇರೋದು ಇಲ್ಲಿ. ಎಸ್‌ಎಂಎಸ್ ಅನುಮತಿ ಯಾರಿಗೆ ಇದೆ ಅಂತಾನೂ ನೋಡಿ. ಎಲ್ಲ ಆದ್ಮೇಲೆ ನೆಟ್ ಆನ್ ಮಾಡಿ ಪ್ಲೇ ಸ್ಟೋರ್‌ನಲ್ಲಿ ಪ್ಲೇ ಪ್ರೊಟೆಕ್ಟ್ ಸ್ಕ್ಯಾನ್. ಅಂಥ ಆಪ್ ಆಕ್ಸೆಸಿಬಿಲಿಟೀಲಿ ಸಿಕ್ಕಿದ್ರೆ ಮಾತ್ರ ನಾನೇ ರೀಸೆಟ್ ಮಾಡಿ ಅಂತೀನಿ, ಫೋಟೊ ಬೇರೆ ಕಡೆ ಇಳಿಸಿಕೊಂಡು. ಬ್ಯಾಂಕ್ ಪಾಸ್‌ವರ್ಡ್, ಯುಪಿಐ ಪಿನ್ ಎಲ್ಲ ಬೇರೆ ಫೋನಿಂದ ಬದಲಾಯಿಸಲಿ.

ದುಡ್ಡು ಹೋಗಿದ್ರೆ ನಾಳೆ ನೋಡೋಣ ಅನ್ನಬೇಡಿ. ಬ್ಯಾಂಕಿಗೆ ಫೋನ್ ಮಾಡಿ, ಅದ್ರ ಹಿಂದೇನೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ. ದುಡ್ಡು ಖಾತೆಯಿಂದ ಖಾತೆಗೆ ಹಾರೋ ಮುಂಚೆ ತಡೆ ಹಾಕಿಸಬಹುದು. ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್‌ನಲ್ಲೂ ದೂರು ಬರೀಬಹುದು.

ಪೆನ್ಷನ್ ಅಮ್ಮನಿಗೆ ಹೇಳಿ, ಕಾರ್ಡ್ ನಂಬರ್ ಎಲ್ಲೂ ಹಾಕಿಲ್ಲ, ಆಪ್ ಹಾಕಿಲ್ಲ ಅಂದ್ಮೇಲೆ ಅವರ ಖಾತೆಗೆ ಏನೂ ಆಗಿಲ್ಲ.

ಅಂಚೆಚೀಲ:

ಫೈಲು ಬರೀ ಇಳಿದಿತ್ತು, ಇನ್‌ಸ್ಟಾಲ್ ಆಗಿರಲಿಲ್ಲ. ಅಳಿಸಿದೆ. ಐಫೋನಿನದ್ದು ಕ್ಯಾಲೆಂಡರೇ, ಹುಡುಗ ಈಗ ಸ್ವಲ್ಪ ಮೆತ್ತಗಾಗಿದ್ದಾನೆ.

ಭಾನುವಾರ ಸಂಘದ ಫಲಕಕ್ಕೆ ಒಂದು ಹಾಳೆ ಬರೆದು ಹಾಕುತ್ತೇನೆ, ಕ್ರೋಮ್‌ನ ದಾರಿ ಬರೆದಾಯಿತು. ಸ್ಯಾಮ್‌ಸಂಗ್‌ನವರಿಗೆ ಬೇರೆ ಸಾಲು ಬೇಕೇ? ಪಟ್ಟಿಯಲ್ಲಿ ಒಬ್ಬರು ದಿನಾ ಓದುವ ಪತ್ರಿಕೆಯ ಹೆಸರೂ ಇದೆ, ಅದನ್ನು ಇಡಲೇ?

ಸ್ಕ್ರೂಡ್ರೈವರ್ ಮಂಜ:

ಬೇಕು ಸರ್. ಸ್ಯಾಮ್‌ಸಂಗ್ ಇಂಟರ್ನೆಟ್‌ನಲ್ಲಿ ಮೂರು ಗೆರೆ ಒತ್ತಿ ಸೆಟ್ಟಿಂಗ್ಸ್, ಸೈಟ್ಸ್ ಅಂಡ್ ಡೌನ್‌ಲೋಡ್ಸ್ ಒಳಗೆ ನೋಟಿಫಿಕೇಶನ್ಸ್. ಪತ್ರಿಕೆ ಅವ್ರು ಓದ್ತಾರೆ ಅಂದ್ರೆ ಇರ್ಲಿ, ಅವ್ರನ್ನೇ ಕೇಳಿ. ಹಾಳೇಲಿ ಅಕ್ಷರ ದೊಡ್ಡದಾಗಿ ಬರೀರಿ, ಒಂದು ಫೋಟೊ ತೆಗೆದು ಇಲ್ಲೂ ಹಾಕಿ, ಅಂಗಡಿ ಗಾಜಿಗೆ ಅಂಟಿಸ್ಕೊಳ್ತೀನಿ.